ಕಮರಿ ದಾರಿಯ ಕಲ್ಲಿನ ಮನಿ

ಕಾಂಪೊರ್ರಿಯೊ, ಸ್ಪೇನ್
೫ ಸೆಪ್ಟೆಂಬರ್ ೨೦೨೪

ಕೋಮಲ ವೈನಿಗೆ ಭಾಗ್ಯಾಳ ಶರಣಾರ್ಥಿ.

ನಾನು ಇನ್ನೂ ಕಮರಿಗೆ ಬಿದ್ದಿಲ್ಲ. ಇದನ್ನು ಮೊದಲು ಅವ್ವನಿಗೆ ಹೇಳಿಬಿಡಿ, ಉಳಿದದ್ದನ್ನು ಆಮೇಲೆ ಓದಿ. ಫೋನ್ ಮಾಡಿದರೆ ನಾನು ಬಾಯಿ ತೆರೆಯುವ ಮೊದಲೇ ಅವಳು ಅಳಲು ಶುರು ಮಾಡುತ್ತಾಳೆ, ಸ್ಪೀಕರಿನ ಸುತ್ತ ಅರ್ಧ ಹೊರ್ತಿ ಊರೇ ಕೂತಿರುತ್ತದೆ. ಅದಕ್ಕೇ ನಿಮಗೆ ಹೀಗೆ ಹಾಳೆಯ ಮೇಲೆ ಬರೆದು ಫೋಟೊ ತೆಗೆದು ಕಳಿಸುವುದು. ಬೆಟ್ಟದ ಮೇಲೆ ಸಿಗ್ನಲ್ ಇಲ್ಲ. ಶುಕ್ರವಾರ ಅಂಪಾರೊ ಸಾಮಾನು ತರಲು ಕೆಳಗಿನ ಪೇಟೆಗೆ ವ್ಯಾನ್ ಒಯ್ಯುತ್ತಾಳೆ, ನಾನೂ ಜೊತೆಗೆ ಹೋಗುತ್ತೇನೆ. ಅಲ್ಲಿ ನಿಂತಾಗ ನನ್ನ ಪತ್ರ ಹೋಗುತ್ತದೆ, ನಿಮ್ಮದು ಬರುತ್ತದೆ.

ಅಂಪಾರೊ ನಮಗೆ ಕುರಿ ಕಾಯುವುದನ್ನು ಕಲಿಸುವ ಹೆಣ್ಣುಮಗಳು, ಅವ್ವನ ವಯಸ್ಸು. ಕುರಿಗಾರ ಗುರಲಿಂಗಪ್ಪನ ಮಗಳಿಗೆ ಕುರಿ ಕಾಯಲು ಕಲಿಸಲಿಕ್ಕೆ ಸ್ಕಾಲರ್‌ಶಿಪ್ ಕೊಟ್ಟು ಒಂದು ವರ್ಷ ಸ್ಪೇನಿಗೆ ಕರೆಸಿಕೊಂಡಿದ್ದಾರೆ ಎಂದು ಅಪ್ಪ ಊರೆಲ್ಲ ನಗುತ್ತ ತಿರುಗುತ್ತಾನಂತೆ. ಇಲ್ಲಿಯ ಕೆಲಸ ನೋಡಿದರೆ ಇನ್ನೂ ನಕ್ಕಾನು. ಬೆಟ್ಟದ ತುಂಬ ಪೈನ್ ಕಾಡು, ನಡುವೆ ನದಿ ಕೊರೆದ ಆಳವಾದ ಕಮರಿ. ಊರುಗಳು ಖಾಲಿಯಾಗಿ ಹಳೆಯ ಕಾಲುದಾರಿಗಳನ್ನೆಲ್ಲ ಕುರುಚಲು ನುಂಗಿದೆ, ಬೇಸಿಗೆಯಲ್ಲಿ ಅದಕ್ಕೇ ಬೆಂಕಿ ಬೀಳುತ್ತದೆ. ದಾರಿಯುದ್ದಕ್ಕೂ ಕುರಿ ಹೊಡೆದುಕೊಂಡು ಹೋಗಿ ಆ ಕುರುಚಲನ್ನು ಮೇಯಿಸುವುದು ನಮ್ಮ ಕೆಲಸ. ದಾರಿ ತೆರೆದಂತೆ ಪೇಟೆಯ ಜನ ನಡೆಯಲು ಬರುತ್ತಾರೆ. ಕೈಯಲ್ಲಿ ಎರಡೆರಡು ಕೋಲು, ಮುಂದೆ ಒಂದು ಕುರಿಯೂ ಇಲ್ಲ. ಎಲ್ಲಿಗೆ ಹೊರಟಿರಿ ಎಂದರೆ ಎಲ್ಲಿಗೂ ಇಲ್ಲ, ಸುಮ್ಮನೆ ನಡೆಯುತ್ತಿದ್ದೇವೆ ಎನ್ನುತ್ತಾರೆ. ನಮ್ಮಲ್ಲಿ ಕುರಿ ದಾರಿ ಬಿಟ್ಟು ಹೊಲಕ್ಕೆ ಬಾಯಿ ಹಾಕಿದರೆ ಬಡಿಗೆ ಹಿಡಿದು ಬರುತ್ತಾರೆ, ಇಲ್ಲಿ ಕುರಿಗೆ ಥ್ಯಾಂಕ್ಸ್ ಹೇಳುತ್ತಾರೆ.

ಹೆದರಿಕೆಯ ಮಾತನ್ನು ನಿಮಗೆ ಮಾತ್ರ ಹೇಳುತ್ತೇನೆ. ಕೆಲವು ಕಡೆ ದಾರಿ ಒಂದು ಚಾಪೆಯಷ್ಟು ಅಗಲ, ಪಕ್ಕದಲ್ಲಿ ಏನೂ ಇಲ್ಲ, ಕೆಳಗೆ ನದಿ. ಮೊದಲ ವಾರ ಅಲ್ಲಿ ಮುಂದೆ ಹೋಗಲಾರದೆ ಕೂತುಬಿಟ್ಟಿದ್ದೆ. ಮೇಕೆ ಕಾಯುವ ಯೂಸೆಫ್ ಬಂದು ದಾಟಿಸಿದ. ಅವನು ಮೊರೊಕ್ಕೊ ದೇಶದವನು, ಕಾಂತು ಅಣ್ಣನ ವಯಸ್ಸು, ಬಹಳ ವರ್ಷದಿಂದ ಇಲ್ಲೇ ಇದ್ದಾನೆ. ಇಬ್ಬರ ಸ್ಪ್ಯಾನಿಷೂ ಅಷ್ಟಕ್ಕಷ್ಟೇ, ಆದರೆ ಕುರಿ ಕಾಯುವವರಿಗೆ ಎಷ್ಟು ಮಾತು ಬೇಕು? ಕುರಿ ಕಮರಿಯ ಕಡೆ ಇರಲಿ, ನೀನು ಬಂಡೆಯ ಕಡೆ ನಡೆ, ಅದಕ್ಕೆ ನಾಲ್ಕು ಕಾಲಿವೆ ಎಂದು ಸನ್ನೆಯಲ್ಲೇ ಕಲಿಸಿದ. ಅವನಿಲ್ಲದಿದ್ದರೆ ಎರಡನೆಯ ವಾರವೇ ಗಂಟುಮೂಟೆ ಕಟ್ಟುತ್ತಿದ್ದೆ.

ಅಣ್ಣ ಶನಿವಾರ ಬಂದಾಗ ನನ್ನ ಪಾಲಿನ ಜಗಳವನ್ನೂ ನೀವೇ ಆಡಿ.

ಭಾಗ್ಯಾ


ಹೊರ್ತಿ
೧೦ ಸೆಪ್ಟೆಂಬರ್ ೨೦೨೪

ಪ್ರೀತಿಯ ಭಾಗ್ಯಾ,

ನಿನ್ನ ಪತ್ರದ ಮೇಲಿನ ಅರ್ಧವನ್ನು ಮನೆಯಲ್ಲಿ ಓದಿ ಹೇಳಿದೆ. ಚಾಪೆಯಷ್ಟು ಅಗಲದ ದಾರಿಯನ್ನು ನುಂಗಿಕೊಂಡೆ. ಅತ್ತೆ ಕಣ್ಣೊರೆಸಿಕೊಂಡರು. ಮಾವ ಒಂದೇ ಪ್ರಶ್ನೆ ಕೇಳಿದರು, ಅಲ್ಲಿಯ ಕುರಿ ಕರಿಯವೋ ಬಿಳಿಯವೋ ಎಂದು. ಬಿಳಿ ಎಂದೆ. ತಮ್ಮ ಕರಿ ಕುರಿಗಳೇ ಮೇಲು ಎನ್ನುವ ಅವರಿಗೆ ಬೇಜಾರಾಯಿತು.

ಈಗ ನನ್ನ ಮಾತು. ಓದಿ ಫೋನಿನಿಂದ ಅಳಿಸಿಬಿಡು.

ನಿಮ್ಮಣ್ಣ ಮುದ್ದೇಬಿಹಾಳದ ಮಾರುಕಟ್ಟೆಯಲ್ಲಿ ತೊಗರಿ ಚೀಲ ತೂಗಿಸುತ್ತ ಒಂದು ರೂಮಿನಲ್ಲಿದ್ದಾರೆ, ನಾನು ಹೊರ್ತಿ ಶಾಲೆಯಲ್ಲಿ ಮಕ್ಕಳ ಮೂಗು ಒರೆಸುತ್ತ ಈ ಮನೆಯಲ್ಲಿದ್ದೇನೆ. ಶನಿವಾರ ಸಂಜೆಯ ಬಸ್ಸಿಗೆ ಬರುತ್ತಾರೆ, ಸೋಮವಾರ ಮೊದಲ ಬಸ್ಸಿಗೆ ಹೋಗುತ್ತಾರೆ. ರವಿವಾರ ಅತ್ತೆ ಮಗನ ತಲೆಗೆ ಎಣ್ಣೆ ತಿಕ್ಕಿ, ನೀರು ಹಾಕಿ, ಉಣಿಸಿ ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಮದುವೆಯಾಗಿ ನಾಲ್ಕು ವರ್ಷ, ಗಂಡನ ಜೊತೆ ಕೂತು ಒಂದು ಕಪ್ ಚಹಾ ನಿಧಾನವಾಗಿ ಕುಡಿದಿಲ್ಲ. ಅತ್ತೆ ಕೆಟ್ಟವರಲ್ಲ, ಅದೇ ಕಷ್ಟ. ಆದರೆ ಅವರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ದಿನಕ್ಕೊಂದು ಕಡೆ ಇರುತ್ತದೆ, ನಾನು ಇನ್ನೂ ಕೇಳಿಯೇ ತೆಗೆದುಕೊಳ್ಳಬೇಕು.

ನನಗೆ ಮುದ್ದೇಬಿಹಾಳದಲ್ಲಿ ಬೇರೆ ಮನೆ ಬೇಕು. ಬರೆದೇಬಿಟ್ಟೆ ನೋಡು.

ಹೋದ ವರ್ಷ ಶ್ರಾವಣದಲ್ಲಿ ಗುಡ್ಡದ ದೇವರಿಗೆ ಹೋದಾಗ ಎಲ್ಲರೂ ಕಲ್ಲಿನ ಮೇಲೆ ಕಲ್ಲಿಟ್ಟು ಮನೆ ಕಟ್ಟುತ್ತಿದ್ದರಲ್ಲ, ಹಾಗೆ ಕಟ್ಟಿದವರಿಗೆ ಸ್ವಂತ ಮನೆಯಾಗುತ್ತದೆ ಎಂದು. ನಾನೂ ಎರಡು ಚಪ್ಪಟೆ ಕಲ್ಲು ಆರಿಸಿದ್ದೆ. ಅತ್ತೆ ಪಕ್ಕದಲ್ಲೇ ನಿಂತು, "ಇದ್ದ ಮನಿ ಏನಾಗೇತಿ ನಿನಗ?" ಅಂದರು. ಕಲ್ಲು ಕೆಳಗೆ ಹಾಕಿದೆ.

ನೀನೀಗ ಗುಡ್ಡದ ಮೇಲೇ ಇದ್ದೀಯ. ನನ್ನ ಹೆಸರಿನಲ್ಲಿ ಒಂದು ಮನೆ ಕಟ್ಟು. ಟೀಚರ್ ಆಗಿ ಇಂಥದ್ದನ್ನು ನಂಬುತ್ತೀರಾ ಎಂದು ನಗಬೇಡ. ನಂಬುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ, ಬೇರೆ ಯಾರನ್ನು ಕೇಳಬೇಕೆಂಬುದೂ ಗೊತ್ತಿಲ್ಲ. ಯಾರ ಮುಂದೆಯೂ, ನಿಮ್ಮಣ್ಣನ ಮುಂದೆಯೂ, ಬಾಯಿ ಬಿಡಬೇಡ. ಅತ್ತೆಗೆ ಗೊತ್ತಾದರೆ ಮಗನನ್ನು ಬೇರೆ ಮಾಡಲು ಹೊರಟವಳು ಎಂಬ ಹೆಸರು ನನಗೆ ಸಾಯುವವರೆಗೂ ತಪ್ಪುವುದಿಲ್ಲ.

ನಿನ್ನ
ಕೋಮಲ


ಕಾಂಪೊರ್ರಿಯೊ
೧೯ ಸೆಪ್ಟೆಂಬರ್ ೨೦೨೪

ವೈನಿ,

ನಿಮ್ಮ ಮನೆ ಆಯಿತು. ಎರಡು ಅಂತಸ್ತು ಕಟ್ಟಿದ್ದೇನೆ, ಮೇಲಿನದನ್ನು ಬಾಡಿಗೆಗೆ ಕೊಡಿ.

ನಗುತ್ತ ಶುರು ಮಾಡಿದೆ, ಕಟ್ಟುವಾಗ ಮಾತ್ರ ನಗಲಿಲ್ಲ. ಜಾಗ ಹುಡುಕಲು ವಾರವಿಡೀ ಕಣ್ಣಾಡಿಸಿದೆ. ಇಲ್ಲಿಯ ಕಾಲುದಾರಿಗೆ ಮರ, ಬಂಡೆಗಳ ಮೇಲೆ ಬಣ್ಣದ ಗುರುತು ಬಳಿದಿರುತ್ತಾರೆ. ಬಿಳಿ, ಹಳದಿ ಗೆರೆ ಜೋಡಿಯಾಗಿದ್ದರೆ ದಾರಿ ಸರಿ, ಗುಣಾಕಾರದ ಗುರುತಿದ್ದರೆ ಆ ಕಡೆ ಹೋಗಬಾರದು. ಕಾಡು ಮುಗಿದು ಕಮರಿ ಒಮ್ಮೆಲೇ ತೆರೆದುಕೊಳ್ಳುವ ಒಂದು ಕಡೆ ದಾರಿ ಕವಲೊಡೆಯುತ್ತದೆ. ಬಲಕ್ಕೆ ಬೆಟ್ಟದ ಬೆನ್ನಿನ ಮೇಲೆ ಊರಿಗೆ ಹೋಗುವ ದಾರಿ. ಎಡಕ್ಕೆ ನದಿಗಿಳಿಯುವ ಹಳೆಯ ದಾರಿ, ಕೊನೆಗೆ ನೀರಿನಿಂದ ತಿರುಗುತ್ತಿದ್ದ ಹಿಟ್ಟಿನ ಗಿರಣಿ ಪಾಳುಬಿದ್ದಿದೆ. ಬಲಗಡೆ ಕಟ್ಟಿದರೆ ಕುರಿ ಒದ್ದು ಕೆಡವುತ್ತವೆ. ಅದಕ್ಕೇ ಎಡಗಡೆ, ಕಮರಿಗೆ ಎದುರಾಗಿ ಕಟ್ಟಿದೆ. ಕಾಲಡಿಯ ಗಿಡಗಳು ಓಂಕಾಳಿನ ಹಾಗೆ ಘಮ್ಮೆನ್ನುತ್ತಿದ್ದವು. ಕೈ ಮುಗಿದು ನಿಮ್ಮ ಹೆಸರು ಹೇಳಿದೆ, ಅಣ್ಣನ ಹೆಸರು ಹೇಳಿದೆ, ಮುದ್ದೇಬಿಹಾಳ ಎಂದು ಊರಿನ ಹೆಸರೂ ಹೇಳಿದೆ. ಈ ಗುಡ್ಡದ ದೇವರಿಗೆ ಅಡ್ರೆಸ್ ಗೊತ್ತಿರಬೇಕಲ್ಲ.

ಅವ್ವನ ಮಗಳಾಗಿ ಇದನ್ನು ಮಾಡಿದ್ದಕ್ಕೆ ಎದೆಯಲ್ಲಿ ಸ್ವಲ್ಪ ಚುಚ್ಚುತ್ತಿದೆ. ಆದರೆ ನೀವು ಅತ್ತದ್ದನ್ನು ಹಿತ್ತಲಲ್ಲಿ ಎರಡು ಸಲ ನೋಡಿದ್ದೇನೆ, ನೋಡದವಳ ಹಾಗೆ ಒಳಗೆ ಹೋಗಿದ್ದೇನೆ. ಆ ಲೆಕ್ಕ ಇದರಿಂದ ತೀರಲಿ.

ಭಾಗ್ಯಾ


ಮುದ್ದೇಬಿಹಾಳ
೯ ಅಕ್ಟೋಬರ್ ೨೦೨೪

ಭಾಗ್ಯಾ,

ಊರಿನ ಹೆಸರು ನೋಡಿದೆಯಾ? ದಸರೆಯ ರಜೆ, ನಿಮ್ಮಣ್ಣನ ರೂಮಿನಲ್ಲಿದ್ದೇನೆ. ಅವರ ಹೊಟ್ಟೆ ಕೆಟ್ಟಿತ್ತು, ಅಡುಗೆ ಮಾಡಿ ಹಾಕಲು ಅತ್ತೆಯೇ ಕಳಿಸಿದರು. ನಾನು ಬಂದ ದಿನವೇ ಹೊಟ್ಟೆ ಸರಿಹೋಯಿತು. ಅದನ್ನು ನಾವಿಬ್ಬರೂ ಹೊರ್ತಿಗೆ ತಿಳಿಸಿಲ್ಲ.

ಒಂದು ಒಲೆ, ಎರಡು ತಟ್ಟೆ, ಕಿಟಕಿಯಿಂದ ಮಾರುಕಟ್ಟೆಗೆ ಬರುವ ಟ್ರ್ಯಾಕ್ಟರುಗಳ ಸದ್ದು. ಸಂಜೆ ಅವರು ತೊಗರಿ ಧೂಳು ಮೆತ್ತಿಕೊಂಡು ಬರುತ್ತಾರೆ, ಚಹಾ ಮಾಡುತ್ತೇನೆ, ಬಾಗಿಲಲ್ಲಿ ಕೂತು ಕುಡಿಯುತ್ತೇವೆ. ಇಷ್ಟು ಸುಖವನ್ನು ಯಾರಾದರೂ ಕಸಿದುಕೊಂ‌ಡಾರೆಂದು ಹೆದರಿಕೆಯಾಗುತ್ತದೆ. ನಿನ್ನೆ ಅವರು ತಾವಾಗಿಯೇ ಕಾಲೇಜಿನ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಮನೆ ತೋರಿಸಿದರು. ದೀಪಾವಳಿ ಮುಗಿಯಲಿ, ಅವ್ವನ ಮುಂದೆ ನಿಧಾನಕ್ಕೆ ಮಾತು ತೆಗೆಯುತ್ತೇನೆ ಎಂದರು. ನಾನು ಒಂದು ಮಾತೂ ಆಡಿರಲಿಲ್ಲ, ಭಾಗ್ಯಾ. ನಿನ್ನ ಕಲ್ಲು ಕೆಲಸ ಮಾಡುತ್ತಿದೆ.

ಅಲ್ಲಿಯವರೆಗೆ ನಮ್ಮಿಬ್ಬರ ನಡುವಿನದು ನಮ್ಮಿಬ್ಬರ ನಡುವೆಯೇ ಇರಲಿ.

ಕೋಮಲ


ಕಾಂಪೊರ್ರಿಯೊ
೧೭ ಅಕ್ಟೋಬರ್ ೨೦೨೪

ವೈನಿ,

ಇದನ್ನು ಯಾರ ಎದುರೂ ತೆರೆಯಬೇಡಿ.

ಸೋಮವಾರ ಮಧ್ಯಾಹ್ನ ಮಂಜು ಇಳಿದಿತ್ತು. ತೋಮಾಸ್ ಎಂಬ ಹಿರಿಯರು ಕಮರಿ ದಾರಿಯಲ್ಲಿ ಒಬ್ಬರೇ ನಡೆಯಲು ಬಂದವರು ಕತ್ತಲಾದರೂ ಊರು ಮುಟ್ಟಲಿಲ್ಲ. ಊರವರೆಲ್ಲ ಹುಡುಕಲು ಹೊರಟೆವು, ಬೆಟ್ಟದ ಬೆನ್ನಿನ ದಾರಿಯಲ್ಲಿ ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ಸಿಗಲಿಲ್ಲ. ಬೆಳಕು ಹರಿದ ಮೇಲೆ ಯೂಸೆಫ್ ಯಾರಿಗೂ ಹೇಳದೆ ಗಿರಣಿಯ ದಾರಿಯಲ್ಲಿ ಇಳಿದು ಅವರನ್ನು ಕಂಡುಹಿಡಿದ. ಹಳೆಯ ಮೆಟ್ಟಿಲು ಕುಸಿದು ಬಿದ್ದಿದ್ದರು. ಸೊಂಟದ ಎಲುಬು ಮುರಿದಿದೆ. ಇಡೀ ರಾತ್ರಿ ಚಳಿಯಲ್ಲಿ ಬಿದ್ದಿದ್ದರೂ ಜೀವ ಉಳಿದಿದೆ.

ಸ್ಟ್ರೆಚರಿನ ಮೇಲಿಂದ ಅವರು ಹೇಳಿದ್ದು ಒಂದೇ ಮಾತು, ಕಲ್ಲು ಜೋಡಿಸಿತ್ತು, ಅದಕ್ಕೇ ಆ ಕಡೆ ತಿರುಗಿದೆ ಎಂದು.

ವೈನಿ, ಇಲ್ಲಿ ಬಣ್ಣ ಬಳಿಯಲು ಮರವೋ ಬಂಡೆಯೋ ಇಲ್ಲದ ಕಡೆ ಕಲ್ಲಿನ ಮೇಲೆ ಕಲ್ಲಿಡುತ್ತಾರಂತೆ. ದಾರಿ ಇದೇ, ಇತ್ತ ಬಾ ಎಂದು ಅದರ ಅರ್ಥ. ಸಣ್ಣ ಮಕ್ಕಳಿಗೂ ಗೊತ್ತು, ನನಗೆ ಗೊತ್ತಿರಲಿಲ್ಲ. ಗಿರಣಿ ದಾರಿಗೆ ಹೋಗಬೇಡಿ ಎಂಬ ಗುರುತು ಒಂದು ಪೈನ್ ಮರದ ಮೇಲಿತ್ತಂತೆ, ಹೋದ ಚಳಿಗಾಲದಲ್ಲಿ ಆ ಮರ ಉರುಳಿದೆ. ಗುರುತು ಹೋದ ಜಾಗದಲ್ಲಿ ನಾನು ಹೋಗಿ ನಿಮ್ಮ ಮನೆ ಕಟ್ಟಿದ್ದೇನೆ.

ಕಲ್ಲಿಟ್ಟವರು ಯಾರು ಎಂದು ಮಂಗಳವಾರವೇ ಊರ ನಡುವಿನ ನಲ್ಲಿಯ ಕಟ್ಟೆಯ ಹತ್ತಿರ ಎಲ್ಲರನ್ನೂ ಕೂಡಿಸಿ ಕೇಳಿದರು. ಎಲ್ಲರ ಕಣ್ಣೂ ಯೂಸೆಫನ ಮೇಲೆ. ಹಿಂದೆ ಮೇಕೆಯ ಅಡ್ಡದಾರಿಗೆ ಕಲ್ಲಿಟ್ಟಿದ್ದಕ್ಕೆ ಅವನು ಬೈಸಿಕೊಂಡಿದ್ದನಂತೆ. ಅದೂ ಅಲ್ಲದೆ, ಮುದುಕ ಗಿರಣಿಯ ಹತ್ತಿರವೇ ಇದ್ದಾನೆಂದು ಅವನಿಗೆ ಹೇಗೆ ಗೊತ್ತಾಯಿತು ಎಂದು ಒಬ್ಬ ಕೇಳಿದ. ಯೂಸೆಫ್ ನಾನಲ್ಲ ಎಂದಷ್ಟೇ ಹೇಳಿದ. ನಾನು ಅಲ್ಲೇ ನಿಂತಿದ್ದೆ. ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಹೇಳಿದರೆ ನನ್ನ ಕೋರ್ಸ್ ಮುಗಿಯಿತು, ವಾಪಸ್ ಕಳಿಸುತ್ತಾರೆ. ಪೊಲೀಸರೂ ಬರಬಹುದು. ಯಾಕೆ ಇಟ್ಟೆ, ಯಾರಿಗಾಗಿ ಇಟ್ಟೆ ಎಂದು ಕೇಳುತ್ತಾರೆ. ಸ್ಕಾಲರ್‌ಶಿಪ್ಪಿನವರು ಮೊದಲು ಫೋನ್ ಮಾಡುವುದು ಅಣ್ಣನಿಗೆ. ಹೇಳದಿದ್ದರೆ ಯೂಸೆಫನನ್ನು ಬೆಟ್ಟದಿಂದ ಇಳಿಸುತ್ತಾರೆ. ಅವನ ಇಲ್ಲಿಯ ಕಾಗದಪತ್ರವೆಲ್ಲ ಈ ಕೆಲಸದ ಮೇಲೇ ನಿಂತಿದೆ.

ನಾನು ಏನು ಮಾಡಲಿ, ಹೇಳಿ.

ಭಾಗ್ಯಾ


ಹೊರ್ತಿ
೧೯ ಅಕ್ಟೋಬರ್ ೨೦೨೪

ಭಾಗ್ಯಾ,

ಸುಮ್ಮನಿರು.

ನಿನ್ನ ಪತ್ರ ಓದಿ ನಾಲ್ಕು ಸಲ ಉತ್ತರ ಬರೆದು ಹರಿದೆ, ಕೊನೆಗೆ ಉಳಿದದ್ದು ಈ ಒಂದು ಮಾತು. ಆ ಹಿರಿಯರು ಬದುಕಿದ್ದಾರೆ, ದೇವರು ದೊಡ್ಡವನು. ನೀನು ಹೇಳಿದರೂ ಅವರ ಎಲುಬು ಬೇಗ ಕೂಡುವುದಿಲ್ಲ. ನೀನು ಬೇಕೆಂದು ಮಾಡಿದ್ದಲ್ಲ. ಪರದೇಶದಲ್ಲಿ ಒಂಟಿ ಹುಡುಗಿ ಪೊಲೀಸರ ಕೈಗೆ ಸಿಕ್ಕರೆ ಇಲ್ಲಿಂದ ನಾವು ಏನು ಮಾಡಲಾದೀತು? ಮಾವನಿಗೆ ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗಿಬರುವುದೇ ದೊಡ್ಡದು.

ಯೂಸೆಫ್ ಬಹಳ ವರ್ಷದಿಂದ ಅಲ್ಲಿದ್ದಾನೆ, ಹತ್ತು ಜನರ ಗುರುತಿದೆ. ಮೇಕೆ ಕಾಯುವವನಿಗೆ ಇನ್ನೊಂದು ಬೆಟ್ಟ ಸಿಗುತ್ತದೆ.

ನನ್ನ ವಿಷಯ ನಾನು ಹೇಳಬಾರದು, ಆದರೂ ಹೇಳುತ್ತೇನೆ. ದೀಪಾವಳಿ ಹತ್ತಿರ ಬಂತು. ಈಗ ಇದು ಹೊರಬಿದ್ದರೆ ಬೇರೆ ಮನೆಯ ಮಾತು ಹೋಗಲಿ, ನಾನು ಈ ಮನೆಯಲ್ಲೂ ತಲೆ ಎತ್ತಿ ಇರಲಾರೆ. ಈ ಪತ್ರವನ್ನು ಅಳಿಸು.

ಕೋಮಲ


ಕೆಳಗಿನ ಪೇಟೆಯಿಂದ
೨೫ ಅಕ್ಟೋಬರ್ ೨೦೨೪

ವೈನಿ,

ನಿಮ್ಮ ಪತ್ರ ಓದಿದೆ. ಅಳಿಸಿದೆ. ಅಳಿಸಿದರೂ ಮೇಕೆ ಕಾಯುವವನಿಗೆ ಇನ್ನೊಂದು ಬೆಟ್ಟ ಸಿಗುತ್ತದೆ ಎಂಬ ಸಾಲು ಹೋಗುತ್ತಿಲ್ಲ. ಕುರಿ ಕಾಯುವವರ ಮನೆಯಲ್ಲಿ ಕೂತು ಅದನ್ನು ಬರೆದಿರಿ.

ಬರುವ ಬುಧವಾರ ಊರ ಪಂಚಾಯಿತಿ ಸೇರುತ್ತದೆ. ಯೂಸೆಫನನ್ನು ತೆಗೆಯುವುದೆಂದು ಈಗಾಗಲೇ ಮಾತಾಗಿದೆ, ಸಭೆ ಹೆಸರಿಗೆ. ಅವನು ಬ್ರೆಡ್ಡಿನಂಗಡಿಗೆ ಹೋದರೆ ಜನ ಮಾತು ನಿಲ್ಲಿಸುತ್ತಾರೆ. ನನ್ನ ಜೊತೆ ಮಾತ್ರ ಎಲ್ಲರೂ ಪ್ರೀತಿಯಿಂದ ಇದ್ದಾರೆ. ಪಾಪದ ಹುಡುಗಿ, ಎಷ್ಟು ಹೆದರಿದ್ದಾಳೆ ಎಂದು ಅಂಪಾರೊ ನನಗೆ ಬಿಸಿ ಹಾಲು ಕೊಡುತ್ತಾಳೆ. ಆ ಹಾಲನ್ನು ಅವಳು ಆಚೆ ತಿರುಗಿದಾಗ ಚೆಲ್ಲುತ್ತೇನೆ.

ನನ್ನ ಬಾಯಿ ಕಟ್ಟಿದವರು ನೀವು. ಮನೆ ನಿಮ್ಮದು, ಗುಟ್ಟು ನಿಮ್ಮದು, ಆಣೆ ಹಾಕಿದ ಹಾಗೆ ಯಾರಿಗೂ ಹೇಳಬೇಡ ಎಂದು ಬರೆದವರು ನೀವು. ಹೇಳು ಎಂದು ಒಂದು ಮಾತು ಈಗಲೇ ಬರೆಯಿರಿ, ವ್ಯಾನ್ ಹೊರಡುವವರೆಗೆ ಇಲ್ಲೇ ಕಾಯುತ್ತೇನೆ, ನಾಳೆಯೇ ಹೇಳುತ್ತೇನೆ. ಅಷ್ಟೂ ಆಗದಿದ್ದರೆ ಕಾಲೇಜಿನ ಹಿಂದಿನ ಓಣಿಯ ಮನೆಯಲ್ಲಿ ಸುಖವಾಗಿರಿ.

ಭಾಗ್ಯಾ


ಹೊರ್ತಿ
೨೮ ಅಕ್ಟೋಬರ್ ೨೦೨೪

ಭಾಗ್ಯಾ,

ಸಿಟ್ಟು ಬಂದಿದೆ, ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಹೌದು, ಆ ಸಾಲು ಬರೆಯಬಾರದಿತ್ತು. ಬರೆದ ಮೇಲೆ ಅದೇ ದಿನ ಮಾವ ಕುರಿಗಳನ್ನು ಹಟ್ಟಿಯಲ್ಲಿ ತರುಬಿ ಬಂದು ಜಗಲಿಯಲ್ಲಿ ಕೂತರು. ಅವರಿಗೆ ನೀರು ಕೊಡುವಾಗ ಮುಖ ನೋಡಲಾಗಲಿಲ್ಲ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಆದರೆ ನಿನ್ನ ಬಾಯಿ ನಾನು ಕಟ್ಟಿಲ್ಲ. ಮಂಗಳವಾರ ಎಲ್ಲರೂ ಕೂಡಿದಾಗ ನನ್ನ ಪತ್ರ ನಿನ್ನ ಕೈಯಲ್ಲಿರಲಿಲ್ಲ. ಸುಮ್ಮನಿರು ಎಂದು ನಾನು ಬರೆದದ್ದು ಆಮೇಲೆ. ಅವತ್ತು ನೀನು ಸುಮ್ಮನಿದ್ದದ್ದು ನಿನ್ನ ಹೆದರಿಕೆಗೆ. ಹೆದರುವುದು ತಪ್ಪಲ್ಲ, ನಾನೂ ಹೆದರಿದವಳೇ. ಆದರೆ ಅದನ್ನು ನನ್ನ ಮನೆಯ ಹೊಸ್ತಿಲಿಗೆ ತಂದು ಇಡಬೇಡ. ನನ್ನ ಹೆಸರು ಬಿಟ್ಟು ಹೇಳಲು ನಿನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ನನ್ನನ್ನು ಕೇಳಿದೆ, ಯಾಕೆಂದರೆ ನಾನು ಬೇಡ ಅನ್ನುತ್ತೇನೆಂದು ನಿನಗೆ ಗೊತ್ತಿತ್ತು.

ಕೋಮಲ


ಹೊರ್ತಿ
೪ ನವೆಂಬರ್ ೨೦೨೪

ಭಾಗ್ಯಾ,

ಶುಕ್ರವಾರ ನಿನ್ನ ಪತ್ರ ಬರಲಿಲ್ಲ. ನಾನು ಕಳಿಸಿದ್ದನ್ನು ನೀನು ಓದಿದ್ದೀಯ ಎಂದು ಫೋನು ತೋರಿಸುತ್ತದೆ, ಉತ್ತರವಿಲ್ಲ. ಪೊಲೀಸರು ಕರೆದೊಯ್ದರೋ ಏನೋ ಎಂದು ಒಂದು ಮನಸ್ಸು, ನನ್ನ ಮೇಲಿನ ಸಿಟ್ಟೇ ಇರಲಿ ದೇವರೇ ಎಂದು ಇನ್ನೊಂದು ಮನಸ್ಸು. ನಿನ್ನ ಆ ಯೂಸೆಫನನ್ನು ಇಷ್ಟರಲ್ಲಿ ಕಳಿಸಿಬಿಟ್ಟಿರಬಹುದು.

ದೀಪಾವಳಿ ಪಾಡ್ಯದ ದಿನ ಮಾವ ಕುರಿಗೆ ಬಣ್ಣ ಹಚ್ಚಿ ಓಡಿಸಿದರು. ನಿಮ್ಮಣ್ಣ ಬಂದಿದ್ದರು. ಊಟಕ್ಕೆ ಕೂತಾಗ ಅತ್ತೆ ಭಾಗ್ಯಾಳ ಸುದ್ದಿ ಹೇಳು ಎಂದರು. ಏನೂ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಕಲ್ಲು, ಬಿದ್ದ ಮುದುಕ, ಯೂಸೆಫ್, ಎಲ್ಲ ಹೇಳಿದೆ. ಕಲ್ಲಿಟ್ಟವರು ಯಾರೆಂದು ಮಾತ್ರ ಹೇಳಲಿಲ್ಲ. ಮಾವ ಕೈಯಲ್ಲಿದ್ದ ತುತ್ತು ಕೆಳಗಿಟ್ಟರು.

"ಕುರಿ ಕಾಯಾವನ ಮ್ಯಾಲ ಹಾಕಿದ್ರ ಯಾರೂ ಕೇಳಂಗಿಲ್ಲಂತ ಆ ದೇಶದಾಗೂ ಗೊತ್ತೈತೇನು?" ಅಂದರು. ತಟ್ಟೆ ಆಚೆ ಸರಿಸಿ, "ಮತ್ತ ಇಟ್ಟವರು ಯಾರು? ಅವರಿಗೆ ಅನ್ನ ಹೆಂಗ ಇಳೀತೈತಿ?"

ನನ್ನ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

"ನಾನ್ರೀ ಮಾವ," ಅಂದೆ. "ನಾನ ಭಾಗ್ಯಾನ ಕೈಲೆ ಇಡಸೇನಿ. ನನಗ ಬ್ಯಾರೆ ಮನಿ ಬೇಕಾಗಿತ್ತು."

ಮನೆಯಲ್ಲಿ ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ನಿಮ್ಮಣ್ಣ ನನ್ನನ್ನು ಹೊಸಬಳನ್ನು ನೋಡಿದ ಹಾಗೆ ನೋಡಿದರು. ಅತ್ತೆ ಎದ್ದು ಹಿತ್ತಲಿಗೆ ಹೋದರು. ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತ, ನನ್ನ ಕಡೆ ತಿರುಗದೆ, "ಮನಿ ಬೇಕಂದ್ರ ನನ್ನ ಕೇಳಬೇಕಾಗಿತ್ತು. ಕಲ್ಲಿಗೆ ಯಾಕ ಕೇಳ್ದಿ?" ಅಂದರು. ನಾನು ಆ ಗುಡ್ಡದಲ್ಲಿ ಕೈಯಿಂದ ಕಲ್ಲು ಬಿಟ್ಟಾಗಲೇ ಅವರಿಗೆ ಎಲ್ಲ ಗೊತ್ತಾಗಿತ್ತಂತೆ. ಕೇಳಲಿ ಎಂದು ಅವರು, ಕೇಳಿದರೆ ಏನಂದಾರೋ ಎಂದು ನಾನು. ಆಮೇಲೆ ಅವರು ಮಾತಾಡಿಲ್ಲ. ಬಾಡಿಗೆ ಮನೆಯವರಿಗೆ ನಿಮ್ಮಣ್ಣ ಇನ್ನೂ ಏನೂ ಹೇಳಿಲ್ಲ. ನನಗೆ ಆ ಮನೆ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ, ಹೊಟ್ಟೆಯೊಳಗಿನ ಕಲ್ಲಂತೂ ಇಳಿದಿದೆ.

ನೀನೂ ಹೇಳಿಬಿಡು. ನನ್ನ ಹೆಸರು ಸೇರಿಸಿಯೇ ಹೇಳು. ಏನಾದರೂ ಆಗಲಿ, ಅದನ್ನು ನಾವಿಬ್ಬರೂ ಹಂಚಿಕೊಳ್ಳೋಣ.

ನಿನ್ನ ವೈನಿ
ಕೋಮಲ


ಕಾಂಪೊರ್ರಿಯೊ
೧೪ ನವೆಂಬರ್ ೨೦೨೪

ವೈನಿ,

ನಾನು ಹೇಳಿಯಾಗಿತ್ತು. ನಿಮ್ಮ ಸಿಟ್ಟಿನ ಪತ್ರ ಓದುವ ಮೊದಲೇ, ಬುಧವಾರವೇ. ಆದರೂ ಶುಕ್ರವಾರ ನಿಮಗೆ ಬರೆಯಲಿಲ್ಲ, ನೀವು ಬರೆದದ್ದೆಲ್ಲ ನಿಜವಾಗಿತ್ತು ಎಂಬ ಸಿಟ್ಟಿಗೆ. ಆಮೇಲೆ ನಿಮ್ಮ ದೀಪಾವಳಿಯ ಪತ್ರ ಬಂತು. ವ್ಯಾನಿನಲ್ಲಿ ಕೂತು ಓದಿ ಅತ್ತುಬಿಟ್ಟೆ. ಅವ್ವನೆದುರು ಕೂತು ಆ ಮಾತು ಹೇಳುವುದು ಪೊಲೀಸರೆದುರು ಹೇಳುವುದಕ್ಕಿಂತ ಕಷ್ಟ, ನನಗೆ ಗೊತ್ತು.

ನಾನು ಧೈರ್ಯದಿಂದ ಹೇಳಿದೆ ಎಂದುಕೊಳ್ಳಬೇಡಿ. ಬುಧವಾರ ಬೆಳಿಗ್ಗೆ ಯೂಸೆಫನ ಮೇಕೆಗಳನ್ನು ನನಗೇ ಒಪ್ಪಿಸಿದರು. ಅವನ ಚೀಲ ಹೊರಗೆ ಮೆಟ್ಟಿಲ ಮೇಲಿತ್ತು. ಅವನು ಒಂದೊಂದೇ ಮೇಕೆಯ ಕೊರಳು ಹಿಡಿದು, ಇದರ ಹಿಂಗಾಲು ನೋಯುತ್ತದೆ, ಇದು ಹರಿಯುವ ನೀರು ಮಾತ್ರ ಕುಡಿಯುತ್ತದೆ, ಇದು ಈಯಲು ಬಂದಿದೆ ಎಂದು ನನಗೆ ಹೇಳಿಕೊಡುತ್ತಿದ್ದ. ಕೊನೆಯ ಮೇಕೆಯವರೆಗೂ ಕೇಳಲಾಗಲಿಲ್ಲ. ನೆಟ್ಟಗೆ ಸಭೆಯೊಳಗೆ ಹೋಗಿ, ಕಲ್ಲಿಟ್ಟವಳು ನಾನು, ನಮ್ಮೂರ ಕಡೆ ಮನೆಯಾಗಲಿ ಎಂದು ಹಾಗೆ ಇಡುತ್ತೇವೆ ಎಂದೆ. ಯಾರ ಮನೆ ಎಂದು ಕೇಳಿದರು, ನನ್ನದೇ ಎಂದೆ.

ನಿಮಗೆ ಬರೆಯದ ಮಾತು ಒಂದಿದೆ. ನಲ್ಲಿಯ ಕಟ್ಟೆಯ ಹತ್ತಿರ ಕೂಡಿದ ದಿನ ನಾನು ಬರೀ ಸುಮ್ಮನೆ ನಿಂತಿರಲಿಲ್ಲ. ಅಂಪಾರೊ ನನ್ನ ಭುಜ ಹಿಡಿದು ನೇರವಾಗಿ ಕೇಳಿದ್ದಳು, ಆ ಕಲ್ಲು ನಿನ್ನ ಕಣ್ಣಿಗೆ ಬಿದ್ದಿತ್ತಾ ಎಂದು. ನಾನು ನೋಡಿಯೇ ಇಲ್ಲ ಎಂದೆ. ಯೂಸೆಫ್ ಪಕ್ಕದಲ್ಲೇ ಇದ್ದ.

ಪೊಲೀಸರು ಬರೆದುಕೊಂಡು ಹೋದರು, ಬೇಕೆಂದು ಮಾಡಿದ್ದಲ್ಲ ಎಂದು ಅಲ್ಲಿಗೇ ಬಿಟ್ಟರು. ಕೋರ್ಸ್ ಮುಗಿಯಿತು, ಸರ್ಟಿಫಿಕೇಟ್ ಇಲ್ಲ. ಅಂಪಾರೊ ಈಗಲೂ ಊಟ ಬಡಿಸುತ್ತಾಳೆ, ಮುಖ ನೋಡುವುದಿಲ್ಲ. ತೋಮಾಸ್ ಅವರನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಮಗಳು ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಕಳಿಸಿದಳು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಊರವರು ಯೂಸೆಫನ ಕೈ ಹಿಡಿದು ಕ್ಷಮೆ ಕೇಳಿದರು, ಅವನ ಕೆಲಸ ಉಳಿಯಿತು. ಅವನು ಎಲ್ಲರಿಗೂ ತಲೆಯಾಡಿಸಿದ, ನನ್ನ ಜೊತೆ ಮಾತ್ರ ಒಂದೂ ಮಾತಾಡಿರಲಿಲ್ಲ.

ಇವತ್ತು ಅವನ ಜೊತೆ ಕಡೆಯ ಸಲ ಕಮರಿ ದಾರಿಯಲ್ಲಿ ಹೋದೆ. ತಡೆಯಲಾರದೆ ಕ್ಷಮಿಸು ಎಂದೆ. ಅವನು ಹೇಳಿದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ, ನನ್ನ ಕಿವಿಗೆ ಅದು ಹಾಗೇ ಕೇಳಿಸಿತು.

"ನೀ ಕಲ್ಲ ಇಡೂದು ನಾ ಆಚೀ ದಂಡಿಯಿಂದ ನೋಡಿದ್ದೆ," ಅಂದ.

ಅದಕ್ಕೇ ಅವತ್ತು ಅವನು ಗಿರಣಿಯ ದಾರಿಗೆ ಇಳಿದದ್ದು. ಮಂಜಿನಲ್ಲಿ ಮುದುಕ ನನ್ನ ಕಲ್ಲನ್ನು ನಂಬಿರಬಹುದು ಎಂದು ಅವನಿಗೊಬ್ಬನಿಗೇ ಹೊಳೆದಿತ್ತು. ಆ ಕಲ್ಲಿನ ಅರ್ಥವನ್ನು ನಿನಗೆ ಮೊದಲೇ ತಿಳಿಸಿ ಕೆಡವಿಸಬೇಕಾಗಿತ್ತು, ದೇವರ ಕೆಲಸವೆಂದು ಸುಮ್ಮನಾದೆ, ಆ ಭಾಗ ನನ್ನ ತಪ್ಪು ಎಂದ. ಮತ್ತೆ ತಪ್ಪು ನಿನ್ನ ಮೇಲೆ ಬಂದಾಗ ಯಾಕೆ ಹೇಳಲಿಲ್ಲ ಎಂದೆ.

"ಕೈ ಮುಗದ ನಿಂತಾಕಿನ್ನ ಬೆರಳ ಮಾಡಿ ತೋರಸಬಾರದು. ನೀನ ಹೇಳತಿ ಅಂತ ಕಾದೆ. ದಿನಾ ಮುಂಜಾನೆ ಎದ್ದ ಕೂಡಲೇ, ಇವತ್ತ ಹೇಳತಾಳು ಅಂತಿದ್ದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ಅವನು ಮೇಕೆಗಳನ್ನು ಕೂಗುತ್ತ ಮುಂದೆ ಹೋದ, ನಾನು ಅಲ್ಲೇ ನಿಂತೆ. ನನಗೆ ತುಂಬ ನಾಚಿಕೆಯಾಗಿದೆ ವೈನಿ, ಇದು ಹೊರ್ತಿ ಮುಟ್ಟಿದರೂ ಹೋಗುವಂಥದ್ದಲ್ಲ.

ಈ ತಿಂಗಳ ಕೊನೆಗೆ ಹೊರಡುತ್ತೇನೆ. ಅಪ್ಪನಿಗೆ ಕಲ್ಲಿಟ್ಟವಳು ನಾನು ಎಂದಷ್ಟೇ ಗೊತ್ತು, ಕೇಳಿದಾಗ ನಾನು ಸುಳ್ಳು ಹೇಳಿದ್ದು ಗೊತ್ತಿಲ್ಲ. ಈ ಪತ್ರವನ್ನು ಅವನಿಗೆ ಓದಿ ಹೇಳಬೇಡಿ. ಬಂದ ದಿನವೇ ನಾನೇ ಹೇಳುತ್ತೇನೆ.

ಭಾಗ್ಯಾ